ದುಡಿಯುವ ತಾಯಿಯೂ ಮನೆಯ ದಿನಚರಿಯೂ



ಬೆಳಗ್ಗೆ ಎಂಟು ಗಂಟೆಯ ಸಮಯದಲ್ಲಿ ಬೆಂಗಳೂರಿನದೋ ಮೈಸೂರಿನದೋ ಯಾವುದಾದರೊಂದು ಬೀದಿಯಲ್ಲಿ ನಡೆದುಹೋಗುವವರ ಕಿವಿಗೆ ಮನೆಮನೆಯಿಂದಲೂ ಒಂದೇ ಬಗೆಯ ಮಾತುಗಳು ಬೀಳುವುದುಂಟು. “ಅಮ್ಮ, ನನ್ನ ಕಾಲುಚೀಲ ಎಲ್ಲಿ?” “ಅಮ್ಮ, ಈ ದಿನ ಡ್ರಾಯಿಂಗ್ ಪುಸ್ತಕ ತರಬೇಕಂತೆ.” “ಇವಳೇ, ಸ್ಕೂಟರಿನ ಬೀಗದ ಕೈ ಎಲ್ಲಿಟ್ಟೆ?” “ಅಮ್ಮಾ, ನನ್ನ ಮಾತ್ರೆ ಮುಗಿದ ಹಾಗಿದೆಯಲ್ಲ.” ಕೇಳುವವರು ನಾಲ್ವರು, ಉತ್ತರ ಹೇಳಬೇಕಾದವಳು ಒಬ್ಬಳು. ಆಕೆಯ ಒಂದು ಕೈ ಒಗ್ಗರಣೆಯ ಸೌಟಿನ ಮೇಲಿದೆ, ಒಂದು ಕಣ್ಣು ಗಡಿಯಾರದ ಮೇಲಿದೆ. ಎಂಟೂವರೆಯ ಬಸ್ಸು ತಪ್ಪಿದರೆ ಆಕೆಯೂ ಕಛೇರಿಯಲ್ಲಿ ಉತ್ತರ ಹೇಳಬೇಕಾದವಳೇ.

ಈ ತಾಯಿಗೆ ಮನೆಯ ದಿನಚರಿಯಿಂದ ಯಾವ ಬಗೆಯ ನೆರವು ದೊರೆಯಬಲ್ಲುದೆಂಬುದನ್ನು ನಾವು ಈ ದಿನ ವಿಚಾರಮಾಡೋಣ. ದಿನಚರಿಯೆಂಬ ಭಾವನೆ ನಮಗೆ ಹೊಸದಲ್ಲ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವನ್ನು ದಿನಚರ್ಯೆಗೂ ಮೂರನೆಯದನ್ನು ಋತುಚರ್ಯೆಗೂ ಮೀಸಲಾಗಿಟ್ಟಿರುವನು. ಅಲ್ಲಿ ಹೇಳಿರುವುದು ದೇಹದ ಆರೋಗ್ಯಕ್ಕೆ. ಮನೆಗೂ ಒಂದು ಆರೋಗ್ಯವುಂಟು. ಅದಕ್ಕೂ ಒಂದು ಚರ್ಯೆ ಬೇಕು. ಆದರೆ ದಿನಚರಿಯೆಂದ ಕೂಡಲೆ ಗೋಡೆಗೆ ಅಂಟಿಸಿದ ಒಂದು ವೇಳಾಪಟ್ಟಿಯನ್ನೂ, ಅದರ ಹಿಂದೆ ಬೆತ್ತ ಹಿಡಿದು ನಿಂತ ಉಪಾಧ್ಯಾಯರನ್ನೂ ಮನಸ್ಸಿಗೆ ತಂದುಕೊಳ್ಳಬೇಕಾಗಿಲ್ಲ. ದಿನಚರಿಯ ನಿಜವಾದ ಪ್ರಯೋಜನ ಬೇರೊಂದುಂಟು. ಅದನ್ನು ತಿಳಿಯಬೇಕಾದರೆ ಮೊದಲು ದುಡಿಯುವ ತಾಯಿಯ ಹೊರೆ ಯಾವುದೆಂಬುದನ್ನು ತಿಳಿಯಬೇಕು.

ಹೊರೆಯ ಒಂದು ಭಾಗವನ್ನು ಗಡಿಯಾರದಿಂದ ಅಳೆಯಬಹುದು. ಭಾರತ ಸರ್ಕಾರದ ಅಂಕಿಅಂಶ ಇಲಾಖೆಯವರು 2019ರಲ್ಲಿ ದೇಶದ ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುವರೆಂದು ವಿಚಾರಿಸಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನವೊಂದಕ್ಕೆ ಸರಾಸರಿ 299 ನಿಮಿಷಗಳನ್ನು ಕೊಡುತ್ತಿದ್ದರು. ಆ ಕೆಲಸದಲ್ಲಿ ತೊಡಗಿದ ಗಂಡಸರು ಕೊಟ್ಟದ್ದು 97 ನಿಮಿಷ. 2024ರಲ್ಲಿ ಮತ್ತೆ ವಿಚಾರಿಸಿದಾಗ ಹೆಂಗಸರ ಲೆಕ್ಕ 289 ನಿಮಿಷಕ್ಕೂ ಗಂಡಸರ ಲೆಕ್ಕ 88 ನಿಮಿಷಕ್ಕೂ ಇಳಿದಿತ್ತು. ಐದು ವರ್ಷಗಳಲ್ಲಿ ಇಬ್ಬರಿಗೂ ಹತ್ತು ಹತ್ತು ನಿಮಿಷದಷ್ಟು ಉಳಿಯಿತು. ನಡುವಣ ಅಂತರ ಮಾತ್ರ ಸುಮಾರು 200 ನಿಮಿಷವಾಗಿಯೇ ನಿಂತಿತು.

ಹೊರೆಯ ಇನ್ನೊಂದು ಭಾಗವುಂಟು. ಅದು ಗಡಿಯಾರಕ್ಕೆ ಸಿಕ್ಕುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ ಅವರು 35 ಮಂದಿ ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮನೆ ನಡೆಸುವುದರಲ್ಲಿ ಕೈಯ ಕೆಲಸವಲ್ಲದೆ ತಲೆಯ ಕೆಲಸವೂ ಇದೆಯೆಂದು ಹೇಳಿ, ಅದನ್ನು ಅವರು ನಾಲ್ಕಾಗಿ ವಿಂಗಡಿಸಿರುವರು: ಮುಂದೆ ಏನು ಬೇಕಾದೀತೆಂದು ಊಹಿಸುವುದು, ಅದಕ್ಕೆ ಇರುವ ದಾರಿಗಳನ್ನು ಹುಡುಕುವುದು, ಒಂದನ್ನು ತೀರ್ಮಾನಿಸುವುದು, ತೀರ್ಮಾನಿಸಿದ್ದು ನಡೆಯಿತೆ ಎಂದು ನೋಡಿಕೊಳ್ಳುವುದು. ತೀರ್ಮಾನಕ್ಕೆ ಗಂಡಂದಿರೂ ಜೊತೆಗೂಡುವರಂತೆ. ಮೊದಲಿನ ಊಹೆಯೂ ಕೊನೆಯ ಮೇಲ್ವಿಚಾರಣೆಯೂ ಹೆಚ್ಚಾಗಿ ಹೆಂಡತಿಯ ಪಾಲಿಗೇ ಬರುವುವಂತೆ. ಈ ಮಾತು ಅಮೆರಿಕದ ಮನೆಗಳಿಗೆ ಎಷ್ಟು ಸಲ್ಲುವುದೋ ನಮ್ಮ ಮನೆಗಳಿಗೂ ಅಷ್ಟೇ ಸಲ್ಲುವುದೆಂಬುದಕ್ಕೆ ನಾವು ಒಂದು ಸಂಸಾರದ ವಿಷಯವನ್ನು ಹೇಳುವೆವು.

ಅದು ನಮಗೆ ಬಹು ಪರಿಚಿತವಾದ ಮನೆ. ಯಜಮಾನರು ಬ್ಯಾಂಕಿನ ನೌಕರರು. ಆಕೆ ಪ್ರೌಢಶಾಲೆಯ ಉಪಾಧ್ಯಾಯಿನಿ. ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ವಯಸ್ಸಾದ ಅತ್ತೆಯವರು. ಒಂದು ಮಳೆಗಾಲದಲ್ಲಿ ಆಕೆ ಡೆಂಗಿ ಜ್ವರದಿಂದ ಮಲಗಿದರು. ವೈದ್ಯರು ಸಂಪೂರ್ಣ ವಿಶ್ರಾಂತಿ ಬೇಕೆಂದರು. ಯಜಮಾನರು ಒಳ್ಳೆಯವರು; ರಜೆ ಹಾಕಿ ಮನೆಯಲ್ಲಿಯೇ ನಿಂತರು, ಅನ್ನ ಮಾಡಿದರು, ಸಾರು ಮಾಡಿದರು, ಪಾತ್ರೆ ತೊಳೆದರು. ಹೀಗಿದ್ದೂ ಮೂರನೆಯ ದಿನದ ಹೊತ್ತಿಗೆ ಮಗಳ ಪರೀಕ್ಷೆಯ ಶುಲ್ಕವನ್ನು ಕಟ್ಟುವ ಕಡೆಯ ದಿನ ಕಳೆದುಹೋಗಿತ್ತು. ಅಡುಗೆ ಅನಿಲದ ಸಿಲಿಂಡರು ಮುಗಿದಿತ್ತು; ಇನ್ನೊಂದಕ್ಕೆ ಹೇಳಿರಲಿಲ್ಲ. ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆ ಎರಡು ದಿನದ ಹಿಂದೆಯೇ ತೀರಿತ್ತು. ಜ್ವರದ ಮನೆಯಲ್ಲಿ ತಮ್ಮದೊಂದು ಉಪದ್ರವ ಬೇಡವೆಂದು ಆ ಮುದುಕಿ ಬಾಯಿ ಬಿಟ್ಟಿರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅವರಿಗೆ ಬಚ್ಚಲಿನ ಬಾಗಿಲಲ್ಲಿ ತಲೆ ಸುತ್ತಿತು. ಹಿಡಿದುಕೊಳ್ಳಲು ಮೊಮ್ಮಗಳು ಹತ್ತಿರದಲ್ಲಿದ್ದದ್ದು ಪುಣ್ಯ. ಅಷ್ಟೂ ದಿನ “ಅದೆಲ್ಲಿದೆ, ಇದೆಷ್ಟು ಹಾಕಬೇಕು” ಎಂಬ ಪ್ರಶ್ನೆಗಳು ಹಾಸಿಗೆಯ ಬಳಿಗೆ ಹೋಗುತ್ತಲೇ ಇದ್ದುವು. ರೋಗಿಯ ಮೈಗೆ ವಿಶ್ರಾಂತಿ ದೊರೆಯಿತು, ತಲೆಗೆ ದೊರೆಯಲಿಲ್ಲ.

ಜ್ವರ ಇಳಿದು ಆಕೆ ಎದ್ದು ಓಡಾಡುವಂತಾದ ಮೇಲೆ ಒಂದು ಭಾನುವಾರ ದಂಪತಿಗಳು ಒಂದು ನೋಟುಪುಸ್ತಕವನ್ನು ಹಿಡಿದು ಕುಳಿತರು. ಮನೆ ನಡೆಯುವುದಕ್ಕಾಗಿ ತಾನು ಏನೇನನ್ನು ನೆನಪಿನಲ್ಲಿಟ್ಟುಕೊಂಡಿರುವೆನೆಂಬುದನ್ನು ಆಕೆ ಹೇಳುತ್ತಾ ಹೋದರು, ಅವರು ಬರೆಯುತ್ತಾ ಹೋದರು. ಹನ್ನೊಂದು ಪುಟವಾಯಿತು. ಲೇಖನಿಯನ್ನು ಕೆಳಗಿಟ್ಟು ಅವರು ಕೇಳಿದ್ದು ಒಂದೇ ಮಾತು: “ಇಷ್ಟೂ ನಿನ್ನ ತಲೆಯಲ್ಲಿತ್ತೆ?”

ನಮ್ಮ ಭಾಷಣದ ಸಾರವೆಲ್ಲ ಈ ಪ್ರಶ್ನೆಯಲ್ಲಿದೆ. ಒಬ್ಬರ ತಲೆಯಲ್ಲಿರುವುದನ್ನು ಮನೆಯ ವಶಕ್ಕೆ ಒಪ್ಪಿಸುವುದೇ ದಿನಚರಿಯ ಕೆಲಸ. ಒಂದು ಕೆಲಸವು ನಿತ್ಯವೂ ಅದೇ ಹೊತ್ತಿಗೆ, ಅದೇ ಸ್ಥಳದಲ್ಲಿ, ಅದೇ ಕ್ರಮದಲ್ಲಿ ನಡೆಯುವುದಾದರೆ ಅದನ್ನು ಊಹಿಸಬೇಕಾಗಿಲ್ಲ, ತೀರ್ಮಾನಿಸಬೇಕಾಗಿಲ್ಲ, ಯಾರಿಗೂ ಹೇಳಬೇಕಾಗಿಲ್ಲ. ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲಿಯೇ ಇರುವ ಮನೆಯಲ್ಲಿ “ಎಲ್ಲಿಟ್ಟೆ” ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಉತ್ತರವನ್ನು ಮೊಳೆಯೇ ಹೇಳುವುದು.

ಆ ಮನೆಯವರು ಮಾಡಿಕೊಂಡ ಏರ್ಪಾಡನ್ನೇ ಅನುಸರಿಸಿ, ದಿನದಲ್ಲಿ ಯಾವ ಯಾವ ಹೊತ್ತಿಗೆ ಕ್ರಮ ಅವಶ್ಯವೆಂಬುದನ್ನು ನೋಡೋಣ. ದಿನವೆಲ್ಲವನ್ನೂ ಕಟ್ಟಿಹಾಕಬೇಕಾದ್ದಿಲ್ಲ, ಬಾಗಿಲಿಗೆ ತಿರುಗಣೆ ಇರುವಂತೆ ದಿನಕ್ಕೂ ನಾಲ್ಕು ತಿರುಗಣೆಗಳುಂಟು. ಅವು ಸರಿಯಾಗಿದ್ದರೆ ಸಾಕು.

ಮೊದಲನೆಯದು ರಾತ್ರಿ. ಬೆಳಗಿನ ಗಡಿಬಿಡಿಯ ಬೇರು ಹಿಂದಿನ ರಾತ್ರಿಯಲ್ಲಿರುವುದು. ಊಟವಾದ ಮೇಲೆ ಕಾಲು ಗಂಟೆಯ ಕೆಲಸ: ಮಕ್ಕಳು ಪುಸ್ತಕಗಳನ್ನು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಡುವರು, ಉಡುಪು, ಕಾಲುಚೀಲ, ಟೈ ಒಂದೇ ಕುರ್ಚಿಯ ಮೇಲೆ ಸೇರುವುವು. ಯಜಮಾನರು ಮರುದಿನದ ತರಕಾರಿಯನ್ನು ಹೆಚ್ಚಿ ಡಬ್ಬಿಗೆ ಹಾಕುವರು. ಹಾಲಿಗೆ ಹೆಪ್ಪು ಹಾಕುವುದು ಮೊದಲು ಅಜ್ಜಿಯ ಕೆಲಸವಾಗಿತ್ತು; ಈಗ ಅಜ್ಜಿಯ ಮೇಲ್ವಿಚಾರಣೆಯಲ್ಲಿ ಮೊಮ್ಮಗ ಹಾಕುವನು.

ಎರಡನೆಯದು ಬೆಳಗು. ಇಲ್ಲಿ ಬಹು ಕಾಲವನ್ನು ನುಂಗುವ ಪ್ರಶ್ನೆಯೆಂದರೆ “ಈ ದಿನ ತಿಂಡಿಗೇನು?” ಎಂಬುದು. ವಾರದ ಏಳು ದಿನಗಳಿಗೆ ಏಳು ತಿಂಡಿಗಳನ್ನು ಗೊತ್ತುಮಾಡಿದರೆ ಈ ಪ್ರಶ್ನೆ ವಾರಕ್ಕೊಮ್ಮೆಯೂ ಏಳುವುದಿಲ್ಲ. ಕಛೇರಿಗೆ ಹೋಗುವವರಿಗೆ ದೋಸೆಯಷ್ಟು ಅನುಕೂಲವಾದ ತಿಂಡಿ ಮತ್ತೊಂದಿಲ್ಲವೆಂದು ನಮ್ಮ ಭಾವನೆ. ಬೆಳಗ್ಗೆ ಹೊರಡುವ ಮೊದಲು ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದಿನಬೇಳೆ, ಒಂದು ಚಮಚ ಮೆಂತ್ಯವನ್ನು ನೆನೆಹಾಕಿದರೆ, ಮನೆಯವರೆಲ್ಲ ಹೊರಗೆ ದುಡಿಯುವಾಗ ಅವು ನೆನೆಯುವುವು. ಸಂಜೆ ಬಂದು ರುಬ್ಬಿಟ್ಟರೆ ಎಲ್ಲರೂ ಮಲಗಿರುವಾಗ ಹಿಟ್ಟು ಹುದುಗುವುದು. ಅದಕ್ಕೆ ಬೇಕಾದದ್ದು ಎಂಟರಿಂದ ಹನ್ನೆರಡು ಗಂಟೆಗಳ ಕಾಲ. ಮಾಗಿಯ ಚಳಿಯಲ್ಲಿ ಇನ್ನೂ ಸ್ವಲ್ಪ. ಹೀಗೆ ಸೋಮವಾರ ನೆನೆಸಿದ್ದು ಮಂಗಳವಾರ ದೋಸೆಯಾಗಿ, ಬುಧವಾರ ಈರುಳ್ಳಿಯೊಡನೆ ಪಡ್ಡಾಗಿ ಎರಡು ಬೆಳಗುಗಳನ್ನು ಸಾಗಿಸುವುದು. ಮೂರು ತಿಂಗಳಿಗೊಮ್ಮೆ ಮಾಡಿಟ್ಟ ಸಾರಿನ ಪುಡಿ, ಹುರಿದಿಟ್ಟ ರವೆ, ಚಟ್ನಿಪುಡಿ ಇವೂ ಇದೇ ಬಗೆಯ ಸಹಾಯಕರು.

ಮೂರನೆಯ ತಿರುಗಣೆ ಸಂಜೆ ಮನೆಗೆ ಮರಳುವ ಹೊತ್ತು. ಜಗಳಗಳು ಹೆಚ್ಚಾಗಿ ಈ ಹೊತ್ತಿನಲ್ಲಿಯೇ ಹುಟ್ಟುವುವು. ತಾಯಿ ದಣಿದು ಬಂದಿರುವಳು, ಮಗು ದಿನವೆಲ್ಲ ಕಾದಿರುವುದು, ಒಲೆಯೂ ಕಾದಿರುವುದು. ಆಕೆ ಚಪ್ಪಲಿ ಬಿಟ್ಟೊಡನೆ ಅಡುಗೆಮನೆಗೆ ಹೋದರೆ ಮಗು ಸೆರಗು ಹಿಡಿದು ಹಿಂದೆ ಹಿಂದೆಯೇ ಅಳುತ್ತ ಬರುವುದು. ಆ ಮನೆಯಲ್ಲಿ ಮೊದಲ ಇಪ್ಪತ್ತು ನಿಮಿಷಗಳನ್ನು ಯಾವ ಕೆಲಸಕ್ಕೂ ಕೊಡದೆ ಕೂಡಿ ಕುಳಿತುಕೊಳ್ಳುವುದಕ್ಕೇ ಗೊತ್ತುಮಾಡಿದರು. ಕಾಫಿ ಅಜ್ಜಿಯದು, ಮೊಬೈಲು ಕಪಾಟಿನ ಮೇಲೆ. ಮಕ್ಕಳು ಶಾಲೆಯ ವರದಿಯನ್ನೊಪ್ಪಿಸುವರು. ಈ ಇಪ್ಪತ್ತು ನಿಮಿಷ ಖಂಡಿತವಾಗಿ ಸಿಗುವುದೆಂದು ಗೊತ್ತಾದ ಮೇಲೆ ಮಗು ಅನಂತರದ ಒಂದು ಗಂಟೆಯನ್ನು ತಕರಾರಿಲ್ಲದೆ ಬಿಟ್ಟುಕೊಡುವುದಂತೆ. ಹಿಂದಿನವರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿಯನ್ನೂ ಸಂವತ್ಸರಗಳ ಹೆಸರನ್ನೂ ಬಾಯಿಪಾಠ ಹೇಳಿಸುತ್ತಿದ್ದುದನ್ನು ನಮ್ಮಲ್ಲಿ ಹಿರಿಯರು ಬಲ್ಲರು. ಆ ಪಾಠದಿಂದ ಮಗ್ಗಿ ಬಂದಂತೆಯೇ ಅಡುಗೆಗೆ ಬಿಡುವೂ ದೊರೆಯುತ್ತಿತ್ತು.

ನಾಲ್ಕನೆಯದು ಮಕ್ಕಳು ಮಲಗುವ ಹೊತ್ತು. ಇದನ್ನು ಕುರಿತು ಜೋಡಿ ಮಿಂಡೆಲ್ ಎಂಬ ಮನಶ್ಶಾಸ್ತ್ರಜ್ಞೆಯೂ ಅವರ ಸಂಗಡಿಗರೂ 2009ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿರುವರು. ಏಳು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಿದ್ದ 405 ಮಂದಿ ತಾಯಂದಿರು ಅದರಲ್ಲಿ ಸೇರಿದ್ದರು. ಅವರಲ್ಲಿ ಕೆಲವರು ಪ್ರತಿರಾತ್ರಿಯೂ ಸ್ನಾನ, ಮೈಗೆ ಮೃದುವಾದ ಮರ್ದನ, ಜೋಗುಳದಂತಹ ಶಾಂತವಾದ ಒಂದು ಚಟುವಟಿಕೆ, ಬಳಿಕ ದೀಪ ಆರಿಸುವುದು ಎಂಬ ಒಂದೇ ಕ್ರಮವನ್ನು ಎರಡು ವಾರಗಳ ಕಾಲ ನಡೆಸಿದರು. ಆ ಮಕ್ಕಳು ಬೇಗ ನಿದ್ರೆ ಹೋದರು, ರಾತ್ರಿ ಏಳುವುದು ಕಡಿಮೆಯಾಯಿತು. ತಾಯಂದಿರ ಮನಸ್ಸೂ ಹಿಂದಿಗಿಂತ ಹಗುರವಾಯಿತು. ಎಣ್ಣೆ ಒತ್ತಿ, ನೀರು ಹಾಕಿ, ಸಾಂಬ್ರಾಣಿಯ ಹೊಗೆ ತೋರಿ, ತೊಟ್ಟಿಲಲ್ಲಿಟ್ಟು ತೂಗುತ್ತಿದ್ದ ನಮ್ಮ ಅಜ್ಜಿಯರು ಈ ಕ್ರಮವನ್ನು ಬಲ್ಲವರೇ ಆಗಿದ್ದರು. ಮುಂದೇನು ಬರುವುದೆಂದು ತಿಳಿದ ಮಗುವಿಗೆ ಹಠ ಮಾಡಲು ಕಾರಣ ಕಡಿಮೆ.

ದಿನಚರ್ಯೆಯಾದ ಮೇಲೆ ಋತುಚರ್ಯೆ. ಬೇಸಗೆಯಲ್ಲಿ ಹಪ್ಪಳ ಸಂಡಿಗೆ, ಮಾವಿನ ಕಾಲದಲ್ಲಿ ಉಪ್ಪಿನಕಾಯಿ, ಹಬ್ಬಕ್ಕೆ ಮುಂಚೆ ಜೇಡದ ಬಲೆ ತೆಗೆಯುವುದು, ಹೀಗೆ ನಮ್ಮ ಹಳೆಯ ಮನೆಗಳಲ್ಲಿ ವರ್ಷಕ್ಕೊಂದು ಪಂಚಾಂಗವೇ ಇತ್ತು. ಇಂದಿನ ಸಂಸಾರಕ್ಕೆ ಆ ಪಂಚಾಂಗದಲ್ಲಿ ಹೊಸ ತಿಥಿಗಳು ಸೇರಿವೆ: ಶಾಲೆಯ ಶುಲ್ಕ, ವಿಮೆಯ ಕಂತು, ಮಕ್ಕಳ ಲಸಿಕೆ, ಹಿರಿಯರ ರಕ್ತಪರೀಕ್ಷೆ. ಆ ಮನೆಯ ಅಡುಗೆಮನೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಇವೆಲ್ಲವನ್ನೂ ವರ್ಷದ ಮೊದಲ ದಿನವೇ ಬರೆದಿಡುವರು. ಪ್ರತಿ ಭಾನುವಾರ ಅಜ್ಜಿಯ ಮಾತ್ರೆಗಳನ್ನು ಏಳು ಮನೆಗಳ ಪೆಟ್ಟಿಗೆಗೆ ಹಂಚುವವಳು ಮಗಳು. ಒಂದು ವಾರಕ್ಕೆ ಸಾಲದೆ ಬಂದರೆ ಆ ದಿನವೇ ತಂದೆಗೆ ತಿಳಿಯುವುದು. ಬಚ್ಚಲಿನ ಬಾಗಿಲಲ್ಲಿ ಅಜ್ಜಿಯನ್ನು ಹಿಡಿದುಕೊಂಡ ಆ ಹುಡುಗಿ ಈ ಕೆಲಸವನ್ನು ತಾನಾಗಿಯೇ ಕೇಳಿ ಪಡೆದಳು.

ಮಕ್ಕಳಿಗೆ ಜವಾಬ್ದಾರಿಯನ್ನು ಕೊಡುವ ಈ ಪದ್ಧತಿಗೆ ಒಂದು ಪ್ರಸಿದ್ಧ ನಿದರ್ಶನವುಂಟು. ಲಿಲಿಯನ್ ಗಿಲ್‌ಬ್ರೆತ್ (1878–1972) ಎಂಬ ಅಮೆರಿಕದ ಮಹಿಳೆ, ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಕಾಲುಗಳ ಚಲನೆಯನ್ನು ಅಳೆದು ದಣಿವನ್ನು ಕಡಿಮೆಮಾಡುವ ಶಾಸ್ತ್ರದಲ್ಲಿ ತಮ್ಮ ಪತಿಯೊಡನೆ ದುಡಿದವರು. 1924ರಲ್ಲಿ ಪತಿ ತೀರಿಕೊಂಡಾಗ ಅವರ ಮನೆಯಲ್ಲಿ ಹನ್ನೊಂದು ಮಂದಿ ಮಕ್ಕಳಿದ್ದರು. ಅವರು ಉದ್ಯೋಗವನ್ನೂ ಬಿಡಲಿಲ್ಲ, ಮಕ್ಕಳನ್ನೂ ಬಿಡಲಿಲ್ಲ. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅವರ ಮಕ್ಕಳಲ್ಲಿಬ್ಬರು 1948ರಲ್ಲಿ ಬರೆದ ಪುಸ್ತಕದಿಂದ ಆ ಮನೆಯ ರೀತಿಯನ್ನು ಲೋಕವೆಲ್ಲ ತಿಳಿಯಿತು. ಹಲ್ಲುಜ್ಜಿದ, ಸ್ನಾನ ಮಾಡಿದ ಗುರುತಿಗೆ ಮಕ್ಕಳು ಬಚ್ಚಲಮನೆಯ ಪಟ್ಟಿಯಲ್ಲಿ ಸಹಿ ಹಾಕಬೇಕು. ಮನೆಯ ವಿಷಯಗಳನ್ನು ಸಂಸಾರದ ಸಭೆಯಲ್ಲಿ ಚರ್ಚಿಸಬೇಕು. ಅವರ ಮನೆಯಲ್ಲಿ ಕೆಲಸದವರೂ ಇದ್ದರೆಂಬುದನ್ನು ಮರೆಮಾಡುವುದು ನ್ಯಾಯವಲ್ಲ. ಆದರೂ ತಾಯಿ ಊರಿನಲ್ಲಿಲ್ಲದಾಗಲೂ ಮನೆ ನಡೆಯಬೇಕೆಂಬ ತತ್ತ್ವವನ್ನು ಅವರು ಕಂಡುಕೊಂಡಿದ್ದರು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಪಟ್ಟಿಯನ್ನು ಬರೆದವಳೂ ತಾಯಿ, ಅದನ್ನು ನಡೆಸುವವಳೂ ತಾಯಿ, ತಪ್ಪಿದವರನ್ನು ಎಚ್ಚರಿಸುವವಳೂ ತಾಯಿಯೇ ಆದರೆ ಆ ದಿನಚರಿ ಆಕೆಗೆ ಎರಡನೆಯ ಕಛೇರಿಯಾಗುವುದು. ಕೆಲಸವನ್ನು ಹಂಚುವಾಗ ಅದರ ನೆನಪನ್ನೂ ಸೇರಿಸಿ ಹಂಚಬೇಕು. ಸಿಲಿಂಡರನ್ನು ಹೊತ್ತು ತಂದಿಡುವುದಷ್ಟೇ ಯಜಮಾನರ ಕೆಲಸವೆಂದಲ್ಲ. ಅದು ಮುಗಿಯುತ್ತ ಬಂದಿದೆಯೆಂದು ತಾವಾಗಿ ತಿಳಿಯುವುದೂ ಅವರದೇ. ಮೊದಮೊದಲು ಒಂದೆರಡು ಬಾರಿ ತಪ್ಪೀತು. ಆಗ ತಾಯಿ ಬಾಯಿ ಬಿಗಿಹಿಡಿದು ಸುಮ್ಮನಿರಬೇಕು. ಇದು ಕಷ್ಟವೆಂಬುದನ್ನು ನಾವು ಬಲ್ಲೆವು. ಎರಡನೆಯದಾಗಿ, ದಿನಚರಿಯಲ್ಲಿ ಒಂದಷ್ಟು ಸಡಿಲಿರಬೇಕು. ಮಂಗಳವಾರ ದೋಸೆಯಾಗದಿದ್ದರೆ ಮೊಸರವಲಕ್ಕಿಯಿಂದ ಯಾರ ಮಾನವೂ ಹೋಗುವುದಿಲ್ಲ.

ಹೊತ್ತು ತಮ್ಮ ವಶದಲ್ಲಿಲ್ಲದ ತಾಯಂದಿರ ಗತಿಯೇನೆಂದು ಕೆಲವರು ಕೇಳಬಹುದು. ಆಸ್ಪತ್ರೆಯ ದಾದಿಗೆ ಒಂದು ವಾರ ಹಗಲುಪಾಳಿ, ಇನ್ನೊಂದು ವಾರ ರಾತ್ರಿಪಾಳಿ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ತಾಯಿ ಸೂರ್ಯೋದಯಕ್ಕೆ ಮುಂಚೆ ಅಡುಗೆ ಮುಗಿಸುವಳು. ಇಂತಹವರು ದಿನಚರಿಯನ್ನು ಗಡಿಯಾರಕ್ಕೆ ಕಟ್ಟದೆ ಘಟನೆಗಳ ಕ್ರಮಕ್ಕೆ ಕಟ್ಟುವುದು ಮೇಲು. ಎಷ್ಟು ಗಂಟೆಗೆ ಬಂದರೂ ಮೊದಲು ಕೂಡಿ ಕುಳಿತುಕೊಳ್ಳುವುದು, ಬಳಿಕ ಊಟ, ಬಳಿಕ ಚೀಲ ಜೋಡಿಸುವುದು. ಗಂಟೆ ಬದಲಾದರೂ ಒಂದರ ಹಿಂದೆ ಒಂದು ಬರುವ ಸಾಲು ಬದಲಾಗದಿದ್ದರೆ ಮಗುವಿಗೆ ಅಷ್ಟೇ ಧೈರ್ಯ.

ಹಾಗೆಂದು ಭಾರವೆಲ್ಲವನ್ನೂ ಮನೆಯ ಮೇಲೆಯೇ ಹೊರಿಸುವುದು ಸರಿಯಲ್ಲ. ಕೂಡುಕುಟುಂಬದಲ್ಲಿ ಅತ್ತೆ, ಓರಗಿತ್ತಿ, ನಾದಿನಿಯರೆಂದು ಹತ್ತು ಕೈಗಳಿದ್ದುವು. ಆ ಕೈಗಳು ಕಡಿಮೆಯಾದ ಕಾಲದಲ್ಲಿ ಸಮಾಜವೂ ಕೈ ನೀಡಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿಯ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. 2002ರಲ್ಲಿ ನಮ್ಮ ನಾಡಿನ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹದ ಬಿಸಿಯೂಟವು ಅನೇಕ ತಾಯಂದಿರ ಬೆಳಗಿನಿಂದ ಒಂದು ಬುತ್ತಿಯನ್ನು ಇಳಿಸಿತು. 2017ರ ಕಾನೂನಿನ ತಿದ್ದುಪಡಿಯು ಸಂಬಳಸಹಿತವಾದ ಹೆರಿಗೆಯ ರಜೆಯನ್ನು ಮೊದಲಿನ ಎರಡು ಮಕ್ಕಳಿಗೆ 12 ವಾರದಿಂದ 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರವಿರಬೇಕೆಂದು ವಿಧಿಸಿತು. 2023ರ ಜೂನ್ 11ರಿಂದ ಕರ್ನಾಟಕದ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಇವೆಲ್ಲವೂ ಒಂದರ್ಥದಲ್ಲಿ ಊರಿನ ದಿನಚರಿಗಳು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ನಲ್ಲಿಯಲ್ಲಿ ಹೇಳಿದ ಗಂಟೆಗೆ ನೀರು ಬಂದರೆ, ಶಿಶುವಿಹಾರದ ಬಾಗಿಲು ಕಛೇರಿಯ ಬಾಗಿಲಿಗಿಂತ ಮುಂಚೆ ತೆರೆದರೆ, ಮನೆಯ ಕ್ರಮವೂ ನಿಲ್ಲುವುದು. ಇವು ಹೊತ್ತು ತಪ್ಪಿದರೆ ಎಂತಹ ಗೃಹಿಣಿಯ ಏರ್ಪಾಡೂ ಕುಸಿಯುವುದು.

ಆ ಉಪಾಧ್ಯಾಯಿನಿಯ ಮನೆಗೆ ಹಿಂತಿರುಗಿ ನಮ್ಮ ಮಾತನ್ನು ಮುಗಿಸುವೆವು. ಜ್ವರದ ಮರುವರ್ಷ ಕಾರ್ತಿಕ ಮಾಸದಲ್ಲಿ ಆಕೆ ಉಪಾಧ್ಯಾಯರ ತರಬೇತಿಗಾಗಿ ಆರು ದಿನ ಬೇರೊಂದು ಊರಿಗೆ ಹೋಗಬೇಕಾಯಿತು. ಹೋಗುವಾಗ ಹೇಳಬೇಕೆಂದು ಮನಸ್ಸಿನಲ್ಲಿದ್ದ ಎಚ್ಚರಿಕೆಗಳನ್ನೆಲ್ಲ ನುಂಗಿಕೊಂಡು ಬಸ್ಸು ಹತ್ತಿದರು. ಮೊದಲನೆಯ ದಿನ ಮನೆಯಿಂದ ಕರೆ ಬರಲಿಲ್ಲ. ಎರಡನೆಯ ದಿನ ರಾತ್ರಿ ಫೋನು ಗಂಟೆಯಾಡಿದಾಗ ಆಕೆಯ ಎದೆ ಹಾರಿತು. ಮಾತನಾಡಿದವನು ಮಗ: “ಅಮ್ಮ, ಏನೂ ಬೇಕಾಗಿಲ್ಲ. ಇವತ್ತು ಅಜ್ಜಿ ಬೇಗ ಮಲಗಿದ್ರು. ಹೆಪ್ಪು ನಾನೊಬ್ಬನೇ ಹಾಕಿದೆ. ಅದನ್ನ ಹೇಳೋಣ ಅಂತ.”

ಆ ರಾತ್ರಿ ತನಗೆ ಬಹಳ ಒಳ್ಳೆಯ ನಿದ್ರೆ ಬಂದಿತೆಂದು ಆಕೆ ನಮ್ಮೊಡನೆ ಹೇಳಿದರು.